ಅಣ್ಣಾ, ಒಂದು ಲೋಟ ಮಜ್ಜಿಗೆ ಸಾಲದು

ಕಲಬುರಗಿಯ ಮೇ ಬಿಸಿಲು ಗೊತ್ತಲ್ವಾ? ಎಸಿ ಹಾಕಿದರೆ ಒದ್ದೆ ಸಾಕ್ಸ್ ವಾಸನೆ. ಉಬ್ಬಸ ಇರುವ ಅಮ್ಮ ಹಾಲ್‌ನಲ್ಲೇ ಬೆವರುತ್ತಾ ಮಲಗುತ್ತಿದ್ದರು. ಫೋನ್ ಮಾಡಿದರೆ ಒಬ್ಬ ಮೆಕ್ಯಾನಿಕ್ ಎಸಿ ನೋಡದೆಯೇ ‘ಗ್ಯಾಸ್ ತುಂಬಿಸಬೇಕು’ ಅಂದಿದ್ದರು.

ಪಕ್ಕದ ಮನೆಗೆ ರಿಪೇರಿಗೆ ಬಂದಿದ್ದವರು ನೀವು. ಕರೆದ ಕೂಡಲೇ ಬಂದಿರಿ. ಮೊದಲು ಅಮ್ಮನ ಹಾಸಿಗೆ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿದಿರಿ. ಫಿಲ್ಟರ್ ತೆಗೆದು ಟಾರ್ಚ್ ಹಿಡಿದಿರಿ: ಗಾಳಿ ತಂಪು ಮಾಡುವ ಕಾಯಿಲ್ ತುಂಬ ಕಪ್ಪು ಬೂಷ್ಟು, ಟ್ರೇಯಲ್ಲಿ ನಿಂತ ನೀರು. ಡ್ರೈನ್ ಪೈಪ್ ಊದಿದಾಗ ಲೋಳೆ ಮುದ್ದೆ ಹೊರಗೆ ಬಿತ್ತು. ಅಬ್ಬಾ!

“ಗ್ಯಾಸ್ ಸರಿ ಅದ ಅಕ್ಕಾರ. ಆಫ್ ಮಾಡೂ ಮೊದ್ಲ 10 ನಿಮಿಷ ಬರೇ ಫ್ಯಾನ್ ಮೋಡ್‌ನ್ಯಾಗ ಬಿಡ್ರಿ, ಒಳಗ ಒಣಗ್ತದ.”

ದುಡ್ಡು ಬೇಡ ಅಂದು ಮಜ್ಜಿಗೆ ಕುಡಿದು ಹೊರಟಿರಿ. ಹೆಸರು ಕೇಳೋದೇ ಮರೆತೆ. ಆ ರಾತ್ರಿ ಅಮ್ಮ ತಮ್ಮ ಕೋಣೆಯಲ್ಲೇ ಬೆಳಗಿನ ತನಕ ಮಲಗಿದರು.