ಎಮ್ಮೆಯ ಜೀನೋಮ್ ಓದುವವರಿಗೆ ಕಿವಿಯೋಲೆ ಓದಲು ಬರುವುದಿಲ್ಲವೇ?

ಮಾನ್ಯರೇ,

ಜೀನೋಮ್, ಅಂದರೆ ವಂಶವಾಹಿಗಳ ಪೂರ್ತಿ ಬರಹ, ಓದುವುದಕ್ಕಾಗಿ ನಡೆದ ಧಾರವಾಡಿ ಎಮ್ಮೆಗಳ ರಕ್ತ ಸಂಗ್ರಹ ಶಿಬಿರ 'ಯಶಸ್ವಿ' ಎಂಬ ಸುದ್ದಿ ಓದಿದೆ. ಫೋಟೊದಲ್ಲಿ ಶಾಲು ಹೊದ್ದ ಸಾಹೇಬರ ಹಿಂದೆ ಅರ್ಧ ಮುಖ ಕಾಣುತ್ತದಲ್ಲ, ಅದು ನಮ್ಮ ಎಮ್ಮೆ. ಅದರ ಪರವಾಗಿ ನಾಲ್ಕು ಮಾತು.

ಮುಂಜಾನೆ ಎಂಟಕ್ಕೆ ಬರುತ್ತೇವೆ, ಎಮ್ಮೆಗಳನ್ನು ಮೇಯಲು ಬಿಡಬೇಡಿ ಅಂದಿದ್ದರು. ಬಂದದ್ದು ಹನ್ನೆರಡೂವರೆಗೆ. ಅಲ್ಲಿ ತನಕ ಆರೂ ಎಮ್ಮೆ ಗೂಟದಲ್ಲೇ ಒದರುತ್ತಾ ನಿಂತವು. ಕುತ್ತಿಗೆಗೆ ಸೂಜಿ ಹಾಕಿದ ಹುಡುಗನಿಗೆ ಮೂರು ಸಲ ನರ ಸಿಗಲಿಲ್ಲ. ನಾಲ್ಕನೇ ಸಲಕ್ಕೆ ಎಮ್ಮೆ ಹಗ್ಗ ಕಿತ್ತುಕೊಂಡು ಹಿಂಡಿ ಬುಟ್ಟಿ ಮಗುಚಿತು. ಸಂಜೆ ಹಾಲು ಅರ್ಧಕ್ಕಿಳಿಯಿತು. ಪೇಡೆ ಅಂಗಡಿಯವರಿಗೆ ಏನು ಹೇಳಲಿ, ಉಳಿದ ಹಾಲು ಸಂಶೋಧನೆಗೆ ಹೋಯಿತು ಅಂತಲೇ?

ನಾನು ವಿಜ್ಞಾನದ ವಿರೋಧಿ ಅಲ್ಲ. 2021ರಲ್ಲಿ ಧಾರವಾಡಿ ಎಮ್ಮೆ ಪ್ರತ್ಯೇಕ ತಳಿ ಎಂದು ಮಾನ್ಯತೆ ಸಿಕ್ಕಾಗ ಗಲ್ಲಿಗೆಲ್ಲ ಪೇಡೆ ಹಂಚಿದವನು. ಬಿಎಸ್ಸಿ ಓದುವ ಮಗಳು ಬಿಡಿಸಿ ಹೇಳಿದ್ದಾಳೆ. ಎಮ್ಮೆಯ ಜೀನೋಮ್‌ನಲ್ಲಿ ಸುಮಾರು 260 ಕೋಟಿ ಅಕ್ಷರಗಳಂತೆ, ಎ, ಟಿ, ಜಿ, ಸಿ ನಾಲ್ಕೇ ತಿರುಗಿ ತಿರುಗಿ ಬರುತ್ತವಂತೆ. ಅವನ್ನು ಹಾಲಿನ ಲೆಕ್ಕದ ಜೊತೆ ಹೋಲಿಸಿದರೆ ಜಿಡ್ಡು ಎಲ್ಲಿಂದ ಬರುತ್ತದೆ ಎಂಬ ಸುಳಿವು ಸಿಗುತ್ತದೆ. ಆಕಳಿನ ಜೀನೋಮ್ 2009ರಲ್ಲೇ ಪ್ರಕಟವಾಗಿದೆ. ಒಳ್ಳೆಯದೇ.

ಆದರೆ 260 ಕೋಟಿ ಅಕ್ಷರ ಓದುವವರಿಗೆ ಕಿವಿಯೋಲೆಯ, ಅಂದರೆ ದನದ ಕಿವಿಗೆ ಹಾಕುವ ಗುರುತಿನ ಬಿಲ್ಲೆಯ, 12 ಅಂಕಿ ಓದಲು ಪುರಸೊತ್ತಿಲ್ಲ! ಸೂಜಿ ಹಾಕಿದ ಹುಡುಗ ರಕ್ತದ ನೇರಳೆ ಮುಚ್ಚಳದ ಟ್ಯೂಬಿಗೆ ಬಿಳಿ ಪಟ್ಟಿ ಅಂಟಿಸಿ ಪೆನ್ನಿನಲ್ಲಿ 3 ಅಂತ ಗೀಚಿದ. ಬೆವರು ಕೈ ತಾಗಿ ಅದು 8 ಆಯಿತು. ಐಸ್ ಡಬ್ಬಿಯಲ್ಲಿ ಐಸ್ ಇರಲಿಲ್ಲ, ಅವರ ಬುತ್ತಿ ಇತ್ತು. ಪಕ್ಕದ ಮನೆಯ ಮುರ್ರಾ ಎಂಬ ಬೇರೆ ತಳಿಯ ಬೆರಕೆ ಎಮ್ಮೆಯೂ ಧಾರವಾಡಿ ಲೆಕ್ಕಕ್ಕೆ ಸೇರಿತು. ಮುರ್ರಾ ಕೊಂಬು ಜಿಲೇಬಿ ಥರ ಸುತ್ತಿರುತ್ತದೆ. ನಮ್ಮದರದು ಅರ್ಧಚಂದ್ರದಂತೆ ಬಾಗಿ ಹೆಗಲ ತನಕ ಹೋಗುತ್ತದೆ. ಇದಕ್ಕೂ ಲ್ಯಾಬ್ ಬೇಕಾ? ಹೇಳಿದರೆ, "ಕಾಕಾ, ಅದನ್ನೆಲ್ಲ ಕಂಪ್ಯೂಟರ್ ಹಿಡಿತೈತಿ ತಗೋರಿ" ಅಂದ. ಬೆರಕೆಯನ್ನು ಹಿಡಿದೀತು. ರಕ್ತ ಒಂದರದು, ನನ್ನ ವಹಿಯಿಂದ ಬರೆದುಕೊಂಡ ಹಾಲಿನ ಲೆಕ್ಕ ಇನ್ನೊಂದರದು ಆದರೆ ಕಂಪ್ಯೂಟರ್‌ಗೆ ಯಾರು ಹೇಳಬೇಕು?

ಇದೇ ಕಿವಿಯೋಲೆ 2022ರಲ್ಲಿ ಚರ್ಮಗಂಟು ರೋಗ ಬಂದಾಗ ಬಹಳ ದೊಡ್ಡ ವಿಷಯವಾಗಿತ್ತು. ಸತ್ತ ಆಕಳಿನ ಪರಿಹಾರ ಕೇಳಲು ಹೋದರೆ ಒಂದು ಅಂಕಿ ತಾಳೆ ಆಗಲ್ಲ ಎಂದು ಮೂರು ಸಲ ತಿರುಗಿಸಿದರು. ದನದ ದವಾಖಾನೆಯಲ್ಲಿ ಡಾಕ್ಟರು ಸಿಗುವುದು ಮಂಗಳವಾರ ಮಾತ್ರ. ಎಮ್ಮೆಗೂ ಜ್ವರ ಮಂಗಳವಾರವೇ ಬರಬೇಕು. ಮೊನ್ನೆ ಇವರ ಜೀಪು ಹಿಂದೆ ತೆಗೆಯುವಾಗ ಮನೆ ಮುಂದಿನ ಗಟಾರದ ಫರಸಿಯೂ ಮುರಿಯಿತು. ಅದನ್ನು ಹಾಕಿಸಲು ನಾನು ಎರಡು ವರ್ಷ ಅರ್ಜಿ ಹಿಡಿದು ಓಡಾಡಿದ್ದೆ.

ಸಂಬಂಧಪಟ್ಟವರು ಇನ್ನೊಮ್ಮೆ ಬಂದು ಸರಿಯಾಗಿ ರಕ್ತ ತೆಗೆದುಕೊಂಡು ಹೋಗಲಿ. ಇಲ್ಲವೇ ನಮ್ಮ ಗಲ್ಲಿಗೆ ಕಾಲೇ ಇಡದಿರಲಿ. ಬರುವುದಾದರೆ ಐಸ್ ತರಲಿ, ಒಂದು ಫರಸಿಯನ್ನೂ ತರಲಿ.

– ಒಬ್ಬ ಹೈನುಗಾರ, ಧಾರವಾಡ