ಸವಳು ಹೊಲದಿಂದ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿ, ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ, ಉಪ್ಪು ಏರಿ ಸವಳಾದ ಆರು ಎಕರೆ ಎರಿ ಹೊಲ ನಂಬಿ ಬದುಕುತ್ತಿರುವ ರೈತನ ನಮಸ್ಕಾರಗಳು. ಹದಿನಾಲ್ಕು ವರ್ಷಗಳಿಂದ ಒಂದೇ ಅರ್ಜಿಯನ್ನು ಬೇರೆ ಬೇರೆ ಕಚೇರಿಗಳಿಗೆ, ವರ್ಗವಾಗಿ ಬರುವ ಬೇರೆ ಬೇರೆ ಅಧಿಕಾರಿಗಳಿಗೆ ಕೊಡುತ್ತ ಬಂದಿದ್ದೇನೆ. ಸ್ವೀಕೃತಿಯ ಮೊಹರು ಬಿದ್ದ ಪ್ರತಿಗಳನ್ನು ಕಟ್ಟಿಟ್ಟರೆ ಒಂದು ಕೈಚೀಲ ತುಂಬುತ್ತದೆ. ಇನ್ನು ಲಕೋಟೆಯಲ್ಲಿ ಹಾಕಿ ಕೊಟ್ಟು ಪ್ರಯೋಜನವಿಲ್ಲವೆಂದು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಬೇಡಿಕೆ ಇಷ್ಟೇ: ನಮ್ಮ ಭಾಗದ ಹಳ್ಳ ಮತ್ತು ಬಸಿಗಾಲುವೆಗಳ ಹೂಳನ್ನು ಈ ಬೇಸಿಗೆಯಲ್ಲಿಯೇ ತೆಗೆಸಿ, ನೆಲದೊಳಗೆ ಕೊಳವೆ ಹೂಳಿ ಉಪ್ಪು ನೀರನ್ನು ಹೊರಗೆ ಬಸಿಯುವ, ಅರ್ಧಕ್ಕೆ ನಿಂತಿರುವ ಅಂತರ್ ಬಸಿಗಾಲುವೆ ಕಾಮಗಾರಿಯನ್ನು ಕಾಲುವೆಗೆ ನೀರು ಬಿಡುವ ಮೊದಲು ಮುಗಿಸಿಕೊಡಿ.

ಈ ಬೇಸಿಗೆಯಲ್ಲಿಯೇ ಏಕೆ ಎಂಬುದನ್ನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಆಮೇಲೆ 33 ಗೇಟುಗಳನ್ನೂ ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು. ಅಣೆಕಟ್ಟು ಉಳಿದರೆ ನಾವು ಉಳಿಯುತ್ತೇವೆ ಎಂದುಕೊಂಡು ಒಂದು ಬೆಳೆ ಕಳೆದುಕೊಂಡೆವು. ಈಗ ಕಾಲುವೆ ಒಣಗಿದೆ, ಗದ್ದೆಗಳು ಖಾಲಿ ಬಿದ್ದಿವೆ, ಜೆಸಿಬಿ ಹಳ್ಳಕ್ಕೂ ಇಳಿಯಬಹುದು, ಹೊಲಕ್ಕೂ ಇಳಿಯಬಹುದು. ಎರಡು ಬೆಳೆ ತೆಗೆಯುತ್ತಿದ್ದ ವರ್ಷಗಳಲ್ಲಿ ಕಚೇರಿಯಿಂದ ಬರುತ್ತಿದ್ದ ಉತ್ತರ, "ಬೆಳೆ ನಿಂತಿದೆ, ಯಂತ್ರ ಇಳಿಸಲು ಬರುವುದಿಲ್ಲ" ಎಂಬುದು. ಈ ವರ್ಷ ಆ ಉತ್ತರ ಕೊಡಲು ಯಾರಿಗೂ ಬಾಯಿಲ್ಲ. ನಾವು ಬಿಟ್ಟುಕೊಟ್ಟ ಬೆಳೆಯ ಬೆಲೆಗೆ ನಮಗೆ ಸಿಕ್ಕಿರುವುದು ಈ ನಾಲ್ಕೈದು ತಿಂಗಳು ಮಾತ್ರ. ಅದೂ ಹೋದರೆ ಇಂಥ ಬಿಡುವು ಮತ್ತೆ ಯಾವಾಗ ಸಿಕ್ಕೀತು ಎಂದು ಹೇಳುವವರಿಲ್ಲ.

ನನ್ನ ಹೊಲದ ಸ್ಥಿತಿಯನ್ನು ತಾವು ಬೆಳಗಿನ ಹೊತ್ತು ಬಂದು ನೋಡಬೇಕು. ಬದುವಿನ ಬುಡದಿಂದ ಹೊಲದ ನಡುವಿನ ತಗ್ಗಿನವರೆಗೆ ಸುಣ್ಣ ಚೆಲ್ಲಿದಂತೆ ಬಿಳಿ ಪದರ ಕಟ್ಟಿರುತ್ತದೆ. ಕಾಲಿಟ್ಟರೆ ಹಪ್ಪಳದಂತೆ ಚಟಚಟ ಮುರಿಯುತ್ತದೆ, ಅದರ ಕೆಳಗಿನ ಮಣ್ಣು ಮಾತ್ರ ಏಪ್ರಿಲ್ ತಿಂಗಳಲ್ಲೂ ಕೈಗೆ ತಣ್ಣಗೆ ಹತ್ತುತ್ತದೆ. ಮೇಲೆ ನೀರಿಲ್ಲದ ಹೊಲದ ಒಳಗೆ ಮೊಳಕಾಲುದ್ದ ಅಗೆದರೆ ನೀರು ಜಿನುಗುತ್ತದೆ. ನನ್ನ ತಂದೆ ಜೋಳ, ಹತ್ತಿ ಬೆಳೆದ ನೆಲ ಇದು. ಈಗ ನಾಟಿ ಮಾಡಿದ ಹದಿನೈದು ದಿನಕ್ಕೆ ಸಸಿಯ ಎಲೆಯ ತುದಿ ಸುಟ್ಟಂತಾಗಿ ಬಿಳಿಚಿಕೊಳ್ಳುತ್ತದೆ. ತಗ್ಗಿನ ಒಂದೂವರೆ ಎಕರೆಯಲ್ಲಂತೂ ಜಾಲಿ ಬಿಟ್ಟರೆ ಬೇರೇನೂ ಹುಟ್ಟುವುದಿಲ್ಲ. ಎಂಬತ್ತು ದಾಟಿದ ನನ್ನ ತಾಯಿ ಕಳೆದ ವರ್ಷ ಹೊಲಕ್ಕೆ ಬಂದವರು ಬದುವಿನ ಮೇಲೆ ಕೂತು, "ತಮ್ಮಾ, ಇದು ನಮ್ಮ ಹೊಲ ಅಲ್ಲ ಬಿಡು" ಎಂದರು. ಅವರಿಗೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ.

ಇದು ದೈವದ ಮುನಿಸಲ್ಲ, ರೈತನ ಸೋಮಾರಿತನವೂ ಅಲ್ಲ. ವಿಜ್ಞಾನಿಗಳು ಇದರ ಕಾರಣವನ್ನು ಎಂದೋ ಹೇಳಿ ಮುಗಿಸಿದ್ದಾರೆ. ನದಿಯ ಸಿಹಿ ನೀರಿನಲ್ಲಿಯೂ ಲವಣ ಇರುತ್ತದೆ. ಲೀಟರಿಗೆ 200 ಮಿಲಿಗ್ರಾಂ ಲವಣ ಇರುವ ಒಳ್ಳೆಯ ನೀರನ್ನೇ ಒಂದು ಹೆಕ್ಟೇರಿಗೆ ಒಂದು ಮೀಟರ್ ನಿಲ್ಲುವಷ್ಟು ಹಾಯಿಸಿದರೆ 2 ಟನ್ ಲವಣ ಆ ಹೊಲಕ್ಕೆ ಸೇರುತ್ತದೆ, ಎಂದರೆ ಎಕರೆಗೆ ಎಂಟು ಕ್ವಿಂಟಲ್. ಬೆಳೆ ನೀರನ್ನು ಕುಡಿಯುತ್ತದೆ, ಬಿಸಿಲು ನೀರನ್ನು ಒಯ್ಯುತ್ತದೆ, ಲವಣ ಮಾತ್ರ ಉಳಿಯುತ್ತದೆ. ಮರಳು ಭೂಮಿಯಾಗಿದ್ದರೆ ಮಳೆಗೆ ತೊಳೆದು ಕೆಳಗಿಳಿಯುತ್ತಿತ್ತು. ನಮ್ಮ ಎರಿ ಮಣ್ಣಿನ ಜಿಗುಟಿನಲ್ಲಿ ನೀರು ಇಳಿಯುವುದೇ ಕಷ್ಟ. ಅಂತರ್ಜಲ ನೆಲಮಟ್ಟಕ್ಕೆ ಹತ್ತಿರ ಬಂತೆಂದರೆ ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವಂತೆ ಮಣ್ಣು ಉಪ್ಪು ನೀರನ್ನು ಮೇಲಕ್ಕೆ ಎಳೆಯುತ್ತದೆ. ಬೇಸಿಗೆಯ ಕಾವು ಹೆಚ್ಚಾದಷ್ಟೂ ಆ ಎಳೆತ ಹೆಚ್ಚು, ಮತ್ತು ನಮ್ಮ ರಾಯಚೂರಿನ ಬೇಸಿಗೆ ಹೇಗಿರುತ್ತದೆಂದು ತಮಗೆ ಗೊತ್ತಿದೆ. ಹವಾಮಾನ ಬದಲಾವಣೆ ಎಂದರೆ ಸಮುದ್ರ ತೀರದವರ ತೊಂದರೆ ಎಂದು ವೇದಿಕೆಗಳಲ್ಲಿ ಮಾತನಾಡುವವರು ಒಮ್ಮೆ ಈ ಹೊಲಕ್ಕೆ ಬರಬೇಕು. ಸಮುದ್ರವೇ ಇಲ್ಲದ ಊರಿನಲ್ಲಿ ಉಪ್ಪು ಮೇಲೇರುತ್ತಿದೆ.

2024ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಗತ್ತಿನ ಲವಣಬಾಧಿತ ಮಣ್ಣಿನ ವರದಿಯನ್ನು ಪ್ರಕಟಿಸಿತು. ಭೂಮಿಯ ಮೇಲಿನ 138 ಕೋಟಿ ಹೆಕ್ಟೇರ್, ಅಂದರೆ ಒಟ್ಟು ನೆಲದ ಶೇ. 10.7ರಷ್ಟು, ಈ ರೋಗಕ್ಕೆ ತುತ್ತಾಗಿದೆ ಎಂದು ಅದು ಹೇಳುತ್ತದೆ. ನಮ್ಮ ದೇಶದಲ್ಲಿ ಇದು 67 ಲಕ್ಷ ಹೆಕ್ಟೇರ್ ಎಂಬುದು ಬಹುಕಾಲದಿಂದ ಚಾಲ್ತಿಯಲ್ಲಿರುವ ಲೆಕ್ಕ. ತುಂಗಭದ್ರಾ ಅಚ್ಚುಕಟ್ಟಿನ ಕರ್ನಾಟಕದ ಭಾಗ ಸುಮಾರು 3.63 ಲಕ್ಷ ಹೆಕ್ಟೇರ್, ಅದರಲ್ಲಿ ಸುಮಾರು 96 ಸಾವಿರ ಹೆಕ್ಟೇರ್ ಸವಳು ಮತ್ತು ಜವಳು (ನೀರು ಬಸಿಯದೆ ನಿಲ್ಲುವುದು) ತೊಂದರೆಗೆ ಸಿಕ್ಕಿದೆ ಎಂದು ಸಂಶೋಧನಾ ಪ್ರಬಂಧಗಳು ಮತ್ತೆ ಮತ್ತೆ ಬರೆದಿವೆ. ನಾಲ್ಕು ಎಕರೆಗೆ ಒಂದು ಎಕರೆ! ಒಂದು ಸೇತುವೆ ಬಿರುಕು ಬಿಟ್ಟರೆ ಸದನದಲ್ಲಿ ಪ್ರಶ್ನೆ ಏಳುತ್ತದೆ. ನಾಲ್ಕರಲ್ಲಿ ಒಂದು ಪಾಲು ಭೂಮಿ ಸಾಯುತ್ತಿರುವಾಗ ತಾವು ಒಂದೇ ಒಂದು ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ಮಣ್ಣು ಪರೀಕ್ಷೆ ಮಾಡಿಸಿದ್ದೇನೆ. ಮಣ್ಣಿನಲ್ಲಿ ಲವಣ ಎಷ್ಟಿದೆ ಎಂದು ತೋರಿಸುವ ವಿದ್ಯುತ್ ವಾಹಕತೆ ನನ್ನ ಹೊಲದಲ್ಲಿ ಮೀಟರಿಗೆ 8.6 ಡೆಸಿಸೀಮನ್ ಬಂದಿದೆ. 4 ದಾಟಿದರೆ ಸವಳು ಎಂಬುದು ನಿಯಮ. ಭತ್ತ 3ರವರೆಗೆ ತಾಳಿಕೊಳ್ಳುತ್ತದೆ, ಅಲ್ಲಿಂದ ಮೇಲೆ ಒಂದೊಂದು ಅಂಕಕ್ಕೂ ಇಳುವರಿ ಶೇ. 12ರಂತೆ ಇಳಿಯುತ್ತದೆ ಎಂದು ಕೃಷಿ ವಿಜ್ಞಾನದ ಪಾಠ ಹೇಳುತ್ತದೆ. ಆ ಲೆಕ್ಕದಲ್ಲಿ ಮೂರರಲ್ಲಿ ಎರಡು ಪಾಲು ಹೋಗಬೇಕು, ಹೋಗಿದೆ. ಎಕರೆಗೆ 40 ಚೀಲ ಕೊಡುತ್ತಿದ್ದ ಹೊಲದಲ್ಲಿ ಕಳೆದ ಮುಂಗಾರಿಗೆ 13 ಚೀಲ ತೂಗಿದೆ. ಗೊಬ್ಬರದ ಅಂಗಡಿಯ ಸಾಲಕ್ಕೆ ಅದು ಸಾಲಲಿಲ್ಲ. ಇಂಥ ಹೊಲಕ್ಕೆ ಕಚೇರಿಯವರು ಒಮ್ಮೆ ಜಿಪ್ಸಂ ಚೀಲ ಕೊಟ್ಟು ಕಳಿಸಿದರು. ಜಿಪ್ಸಂ ಬೇಕಾದದ್ದು ಸೋಡಿಯಂ ಹೆಚ್ಚಾಗಿ ಕ್ಷಾರವಾದ ಚೌಳು ಮಣ್ಣಿಗೆ. ನನ್ನ ಮಣ್ಣಿನ ರಸಸಾರ (ಪಿಎಚ್) 8.1 ಮಾತ್ರ. ಇಲ್ಲಿ ಲವಣವನ್ನು ತೊಳೆದು ಹೊರಗೆ ಹಾಕಬೇಕು, ಹೊರಗೆ ಹಾಕಲು ದಾರಿ ಬೇಕು. ಆ ದಾರಿಯನ್ನೇ ಹದಿನಾಲ್ಕು ವರ್ಷಗಳಿಂದ ಕೇಳುತ್ತಿದ್ದೇನೆ.

ದಾರಿ ಹೇಗಿರಬೇಕೆಂದು ಹುಡುಕಲು ಪರದೇಶಕ್ಕೆ ಹೋಗಬೇಕಿಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದೇ ಅಚ್ಚುಕಟ್ಟಿನ ಇದೇ ಎರಿ ಮಣ್ಣಿನಲ್ಲಿ ವರ್ಷಗಟ್ಟಲೆ ದುಡಿದು ತೋರಿಸಿದ್ದಾರೆ. ಸುಮಾರು ಒಂದು ಮೀಟರ್ ಆಳದಲ್ಲಿ, ಸಾಲುಸಾಲಾಗಿ, ಸಣ್ಣ ರಂಧ್ರಗಳಿರುವ ಪ್ಲಾಸ್ಟಿಕ್ ಕೊಳವೆಗಳನ್ನು ಜರಡಿ ಬಟ್ಟೆ ಸುತ್ತಿ ಹೂಳುತ್ತಾರೆ. ಉಪ್ಪು ನೀರು ಅದರೊಳಗೆ ಬಸಿದು, ದೊಡ್ಡ ಕೊಳವೆಗೆ ಸೇರಿ, ಹಳ್ಳಕ್ಕೆ ಹೋಗುತ್ತದೆ. ಕೊಳವೆಯ ಬಾಯಿಗೆ ತಡೆ ಇಟ್ಟು, ಬೇಕಾದಾಗ ಮಾತ್ರ ನೀರು ಬಿಡುವ ನಿಯಂತ್ರಿತ ಪದ್ಧತಿಯಿಂದ ನೀರೂ ಸಾರಜನಕವೂ ಉಳಿಯುತ್ತವೆ ಎಂಬುದನ್ನೂ ಅಲ್ಲಿ ಪರೀಕ್ಷಿಸಿದ್ದಾರೆ. ಸಂಶೋಧನೆಯಲ್ಲಿ ಕೊರತೆ ಇಲ್ಲ. ಆ ಸಂಶೋಧನೆ ನನ್ನ ಹೊಲಕ್ಕೆ ಬಂದ ರೀತಿಯನ್ನು ಮಾತ್ರ ತಾವು ಸಮಾಧಾನದಿಂದ ಓದಬೇಕು.

ಏಳು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ನಮ್ಮೂರಿಗೂ ಕೊಳವೆಯ ಸುರುಳಿಗಳು ಬಂದವು. ಗುತ್ತಿಗೆದಾರರ ಜನ ಮೇಲಿನ ಹೊಲಗಳಿಂದ ಕೊಳವೆ ಹೂಳುತ್ತ ಬಂದು, ಸಂಗ್ರಹ ಕೊಳವೆಯನ್ನು ನನ್ನ ಹೊಲದ ಮೂಲಕ ಹಾಯಿಸಿ, ಅದರ ಬಾಯನ್ನು ಹಳ್ಳಕ್ಕೆ ಬಿಟ್ಟರು. ಹಳ್ಳದಲ್ಲಿ ಆಳೆತ್ತರ ಆಪು ಹುಲ್ಲು ಬೆಳೆದಿತ್ತು, ಹೂಳು ತುಂಬಿ ಅದರ ತಳ ಕೊಳವೆಯ ಬಾಯಿಗಿಂತ ಮೇಲೆ ಬಂದಿತ್ತು. ಮೊದಲು ಹಳ್ಳ ತೆಗೆಯಿರಿ ಎಂದು ಕೈಮುಗಿದು ಹೇಳಿದೆ. ಹಳ್ಳ ತಮ್ಮ ಅಂದಾಜು ಪಟ್ಟಿಯಲ್ಲಿಲ್ಲ ಎಂದರು. ಮುಂಗಾರು ಬಂತು, ಹಳ್ಳ ತುಂಬಿತು. ಸೊಂಟದ ನೀರಿನಲ್ಲಿ ನಿಂತು ಕೊಳವೆಯ ಬಾಯಿಗೆ ಕೈ ಇಟ್ಟು ನೋಡಿದೆ. ನೀರು ನನ್ನ ಕೈಯನ್ನು ಹೊರಕ್ಕೆ ತಳ್ಳಲಿಲ್ಲ, ಒಳಕ್ಕೆ ಎಳೆಯಿತು. ನನ್ನ ಹೊಲದ ಉಪ್ಪನ್ನು ಹೊರಗೆ ಒಯ್ಯಬೇಕಾದ ಕೊಳವೆ ಊರ ಮೇಲ್ಭಾಗದ ಗದ್ದೆಗಳ ಬಸಿ ನೀರನ್ನೆಲ್ಲ ನನ್ನ ಹೊಲದೊಳಗೆ ತರುತ್ತಿತ್ತು. ಆ ರಾತ್ರಿ ಮಗನೂ ನಾನೂ ಗೋಣಿಚೀಲಕ್ಕೆ ಮಣ್ಣು ತುಂಬಿ ಸರ್ಕಾರಿ ಕಾಮಗಾರಿಯ ಬಾಯಿ ಮುಚ್ಚಿದೆವು. ಇವತ್ತಿಗೂ ಅದು ಮುಚ್ಚಿಯೇ ಇದೆ.

ಮರುವರ್ಷ ಕಚೇರಿಗೆ ಹೋದಾಗ ರಿಜಿಸ್ಟರ್ ತೆಗೆದು ತೋರಿಸಿದರು. ನನ್ನ ಸರ್ವೆ ನಂಬರಿನ ಮುಂದೆ "ಸುಧಾರಿತ ಜಮೀನು" ಎಂದು ಬರೆದಿತ್ತು. ಒಮ್ಮೆ ಸುಧಾರಿಸಿದ ಜಮೀನನ್ನು ಮತ್ತೆ ಪಟ್ಟಿಗೆ ಸೇರಿಸಲು ಬರುವುದಿಲ್ಲ ಎಂದರು. ಟಿಫಿನ್ ಡಬ್ಬಿಯಲ್ಲಿ ಒಯ್ದಿದ್ದ ಬಿಳಿ ಮಣ್ಣನ್ನು ಮೇಜಿನ ಮೇಲೆ ಸುರಿದೆ. ಆ ಅಧಿಕಾರಿ ನನ್ನ ಮುಖವನ್ನೂ ನೋಡಲಿಲ್ಲ, ಮಣ್ಣನ್ನೂ ನೋಡಲಿಲ್ಲ. ಜವಾನನನ್ನು ಕರೆದು ಮೇಜು ಒರೆಸಲು ಹೇಳಿದರು. ಶಾಸಕರೇ, ಅವತ್ತು ಬಸ್‌ಸ್ಟ್ಯಾಂಡಿನವರೆಗೆ ಹೇಗೆ ನಡೆದು ಬಂದೆನೋ ನನಗೆ ನೆನಪಿಲ್ಲ. ಬೆಳೆ ಹೋದದ್ದನ್ನು ಸಹಿಸಿದ್ದೇನೆ, ಸಾಲವನ್ನು ಸಹಿಸಿದ್ದೇನೆ. ಸತ್ತ ಹೊಲವನ್ನು ಬದುಕಿದೆ ಎಂದು ಕಾಗದದಲ್ಲಿ ಬರೆದದ್ದನ್ನು ಸಹಿಸಲು ನನ್ನಿಂದ ಆಗುತ್ತಿಲ್ಲ.

ತಾವು ಪ್ರತಿ ಸಭೆಯಲ್ಲಿ ನೀರಿನ ಮಾತು ಆಡುತ್ತೀರಿ. 133 ಟಿಎಂಸಿ ಇದ್ದ ಜಲಾಶಯ ಹೂಳು ತುಂಬಿ 105ಕ್ಕೆ ಇಳಿದಿದೆ, ಅದಕ್ಕೆ ನವಲಿಯಲ್ಲಿ ಸಮಾನಾಂತರ ಜಲಾಶಯ ಬೇಕು ಎನ್ನುತ್ತೀರಿ. ನಾನು ಬೇಡವೆನ್ನುವುದಿಲ್ಲ, ಕೊನೆಭಾಗದ ರೈತನಿಗೆ ನೀರಿನ ಬೆಲೆ ಯಾರೂ ಕಲಿಸಬೇಕಿಲ್ಲ. ಆದರೆ ಬರುವ ನೀರಿನ ಬಗ್ಗೆ ನೂರು ಮಾತು ಇರುವಾಗ ಹೋಗುವ ನೀರಿನ ಬಗ್ಗೆ ಒಂದು ಮಾತೂ ಇಲ್ಲದಿರುವುದು ಹೇಗೆ? ಈ ಯೋಜನೆಯಲ್ಲಿ ಹೆಚ್ಚಿನ ಪಾಲು ಭೂಮಿಗೆ ಹತ್ತಿ, ಜೋಳ, ಶೇಂಗಾದಂಥ ಅರೆ ನೀರಾವರಿ ಬೆಳೆಗಳನ್ನೇ ನಿಗದಿ ಮಾಡಿತ್ತು. 1965ರ ನೀರಾವರಿ ಕಾಯ್ದೆಯೂ, ಯಾವ ಭೂಮಿಗೆ ಯಾವ ಬೆಳೆ ಎಂಬ ನಿಗದಿಯೂ ತಮಗೆ ತಿಳಿಯದ್ದಲ್ಲ. ಮೇಲ್ಭಾಗದಲ್ಲಿ ಕಣ್ಣು ಹಾಯುವಷ್ಟು ದೂರ ಭತ್ತ ನಿಂತಿದೆ. ಅವರ ಗದ್ದೆಯ ಹೆಚ್ಚುವರಿ ನೀರು ನೆಲದೊಳಗಿಂದ ಉಪ್ಪಾಗಿ ನಮಗೆ ಬರುತ್ತದೆ, ಕಾಲುವೆಯ ನೀರು ಮಾತ್ರ ಬರುವುದಿಲ್ಲ. ಆ ರೈತರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಹೊಟ್ಟೆ ಇದೆ. ಗೊತ್ತಿದ್ದೂ ಸುಮ್ಮನಿರುವವರ ಮೇಲೆ ಸಿಟ್ಟಿದೆ.

ಆದ್ದರಿಂದ ಮತ್ತೊಮ್ಮೆ ಕೇಳುತ್ತೇನೆ. ಹಳ್ಳದ ಹೂಳು ತೆಗೆಸಿ. ಕೊಳವೆಯ ಬಾಯಿಗಿಂತ ಹಳ್ಳದ ತಳ ಕೆಳಗಿರುವಂತೆ ಅಳತೆ ಮಾಡಿಸಿ, ಆ ಅಳತೆಯನ್ನು ರೈತರ ಎದುರಿಗೆ ಮಾಡಿಸಿ. ಅರ್ಧಕ್ಕೆ ನಿಂತ ಕಾಮಗಾರಿಯನ್ನು ಗಂಗಾವತಿ ಕೇಂದ್ರದ ವಿಜ್ಞಾನಿಗಳ ಸಲಹೆ ಪಡೆದು ಮುಗಿಸಿ. "ಸುಧಾರಿತ" ಎಂದು ಬರೆದಿರುವ ಒಂದೊಂದು ಸರ್ವೆ ನಂಬರಿನ ಮಣ್ಣನ್ನೂ ಮತ್ತೆ ಪರೀಕ್ಷೆಗೆ ಕಳಿಸಿ, ಸುಳ್ಳಾದ ಬರಹವನ್ನು ಹೊಡೆದು ಹಾಕಿಸಿ. ಇದೆಲ್ಲ ಈ ಬೇಸಿಗೆಯಲ್ಲಿಯೇ ಆಗಬೇಕು. ಗೇಟುಗಳ ಕೆಲಸ ಮುಗಿದು ಕಾಲುವೆಗೆ ನೀರು ಬಂದ ದಿನ ತಾವು ಬಾಗಿನ ಅರ್ಪಿಸಲು ಹೋಗುತ್ತೀರಿ. ಅದಕ್ಕಿಂತ ಮೊದಲು ಒಂದು ಬೆಳಿಗ್ಗೆ, ಬಿಸಿಲೇರುವ ಮುಂಚೆ, ನಮ್ಮ ಹಳ್ಳದ ದಂಡೆಗೆ ಬನ್ನಿ. ಗೋಣಿಚೀಲ ತುರುಕಿದ ಆ ಕೊಳವೆಯ ಬಾಯನ್ನು ನಾನೇ ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಎಡದಂಡೆ ಕಾಲುವೆಯ ಕೊನೆಭಾಗದ ಒಬ್ಬ ರೈತ
ರಾಯಚೂರು ಜಿಲ್ಲೆ