ಗ್ಯಾಸ್ ಸುಡಬೇಕು ಸರಿ, ಎಷ್ಟು ಬಿಸೀಲಿ?

ಮಾನ್ಯ ಸಂಪಾದಕರೇ,

ಹಳೇ ಫ್ರಿಜ್ಜು, ಏಸಿಯೊಳಗಿರೋ ಗ್ಯಾಸನ್ನ ಗಾಳಿಗೆ ಬಿಡಬಾರದು, ಸುಟ್ಟು ನಾಶ ಮಾಡಬೇಕು ಅಂತ ನಿಮ್ಮ ಪತ್ರಿಕೆಯೂ ಸೇರಿ ಎಲ್ಲರೂ ಬರೀತಾರೆ, ಒಪ್ಪೋ ಮಾತೇ, ಆದ್ರೆ ಎಷ್ಟು ಬಿಸೀಲಿ ಎಷ್ಟು ಹೊತ್ತು ಇದ್ರೆ ಅದು ನಿಜವಾಗ್ಲೂ ಒಡೆಯುತ್ತೆ ಅಂತ ಯಾರೂ ಹೇಳಲ್ಲ. ಮುಖ್ಯ ವಿಷಯ ಅದೇ ಅಲ್ವಾ? ಕ್ಲೋರಿನ್ ಇರೋ ಗ್ಯಾಸು ಅರೆಬರೆ ಸುಟ್ಟರೆ ಫಾಸ್ಜೀನ್ ಹುಟ್ಟಬಹುದು, ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನ ಕೊಂದ ವಿಷಾನಿಲ ಅದು.

ಇದನ್ನ ಅಳೆಯೋ ಕೆಲಸ ಬಲು ಸೊಗಸಾಗಿದೆ, ಸ್ವಲ್ಪ ಜಾಗ ಕೊಡಿ. ಅಮೆರಿಕದ ಆರ್ಗಾನ್ ನ್ಯಾಷನಲ್ ಲ್ಯಾಬ್‌ನಲ್ಲಿ ಜೆ.ವಿ. ಮೈಕೆಲ್, ಕೆ.ಪಿ. ಲಿಮ್ ಮತ್ತವರ ಜೊತೆಯವರು 1993ರ ಸುಮಾರಿಗೆ ಕಾರ್ಬನ್ ಟೆಟ್ರಾಕ್ಲೋರೈಡ್, ಮೀಥೈಲ್ ಕ್ಲೋರೈಡ್ ಅನ್ನೋ ಕ್ಲೋರಿನ್ ಇರೋ ರಾಸಾಯನಿಕಗಳ ಮೇಲೆ ಮಾಡಿದ್ದು ಇದನ್ನೇ. ಶಾಕ್ ಟ್ಯೂಬ್ ಅನ್ನೋ ಉದ್ದನೆ ಲೋಹದ ಕೊಳವೆ, ನಡುವೆ ತೆಳು ಲೋಹದ ಹಾಳೆ, ಒಂದು ಕಡೆ ಹೀಲಿಯಂ ಒತ್ತಡ ಏರಿಸಿದ್ರೆ ಹಾಳೆ ಫಟ್ ಅಂತ ಹರಿದು ಶಾಕ್ ವೇವ್, ಅಂದ್ರೆ ಜೋರು ಒತ್ತಡದ ಅಲೆ, ಓಡುತ್ತೆ, ಆ ತುದಿಗೆ ಬಡಿದು ವಾಪಸ್ ಬರೋ ಹೊತ್ತಿಗೆ ಅಲ್ಲಿರೋ ಗ್ಯಾಸು ಸಾವಿರ ಕೆಲ್ವಿನ್ ದಾಟಿರುತ್ತೆ, ಕೊಳವೆ ಗೋಡೆ ಮಾತ್ರ ತಣ್ಣಗೇ ಇರುತ್ತೆ. ಇಷ್ಟೆಲ್ಲಾ ಒಂದೆರಡು ಮಿಲಿಸೆಕೆಂಡಲ್ಲಿ ಮುಗಿದೇ ಹೋಗುತ್ತೆ.

ಅಷ್ಟರೊಳಗೆ ಎಣಿಸೋದು ಹೇಗೆ? ಚೂರು ಕ್ಲೋರಿನ್ ಬೆರೆಸಿದ ಹೀಲಿಯಂನ ಮೈಕ್ರೋವೇವ್‌ನಿಂದ ಉರಿಸೋ ದೀಪ ಒಂದಿರುತ್ತೆ, ಅದರ ಸುಮಾರು 135 ನ್ಯಾನೋಮೀಟರಿನ ಬೆಳಕನ್ನ ಗ್ಯಾಸು ಒಡೆದಾಗ ಹೊರಬೀಳೋ ಬಿಡಿ ಕ್ಲೋರಿನ್ ಪರಮಾಣುಗಳು ಚೆನ್ನಾಗಿ ಹೀರ್ತವೆ. ಆ ಬೆಳಕು ಗಾಜಲ್ಲೂ ದಾಟಲ್ಲ, ಗಾಳೀಲೂ ದಾಟಲ್ಲ, ಅದಕ್ಕೇ ಕಿಟಕಿ ಮೆಗ್ನೀಷಿಯಂ ಫ್ಲೋರೈಡಿಂದು. ಬೆಳಕು ಎಷ್ಟು ಬೇಗ ಕುಗ್ಗುತ್ತೋ ಗ್ಯಾಸು ಅಷ್ಟು ಬೇಗ ಒಡೀತಿದೆ ಅಂತ. ಜಡ ಅನಿಲದಲ್ಲಿ ಹತ್ತು ಲಕ್ಷಕ್ಕೆ ಕೆಲವೇ ಪಾಲು ಗ್ಯಾಸು ಬೆರೆಸಬೇಕು, ಜಾಸ್ತಿಯಾದ್ರೆ ಒಡೆದ ಚೂರುಗಳು ಮತ್ತೆ ಒಂದಕ್ಕೊಂದು ಸೇರಿ ಲೆಕ್ಕ ಕೆಡಿಸ್ತವೆ. ಟೆಟ್ರಾಕ್ಲೋರೈಡಿಗೆ ನೂರು ಡಿಗ್ರಿ ಏರಿದ್ರೆ ಒಡೆಯೋ ವೇಗ ಹಲವು ಪಟ್ಟು ಜಾಸ್ತಿ ಆಗಿಬಿಡುತ್ತೆ, ಹಾಗಾಗಿ ಗ್ಯಾಸ್ ಸುಡೋ ಕುಲುಮೇಲಿ ಒಂದು ಮೂಲೆ ತಣ್ಣಗಿದ್ರೂ ಶೇ 99.99ರಷ್ಟು ನಾಶ ಆಗ್ಬೇಕು ಅನ್ನೋ ಮಟ್ಟ ಸಿಗಲ್ಲ.

ನಮ್ಮಲ್ಲಿ ಇನ್ನೂ ಓಡ್ತಿರೋ ಎಷ್ಟೋ ಏಸಿಗಳೊಳಗಿನ ಆರ್-22 ಅನ್ನೋ ತಂಪು ಮಾಡೋ ಗ್ಯಾಸಿನ ವಿಷಯಕ್ಕೆ ಬಂದ್ರೆ ಇದೇ ದೀಪ ಹೆಚ್ಚು ಉಪಯೋಗಕ್ಕೆ ಬರಲ್ಲ, ಯಾಕಂದ್ರೆ ಅಲ್ಲಿ ಕ್ಲೋರಿನ್ ಒಂಟಿಯಾಗಿ ಬಿಡಿಸ್ಕೊಳ್ಳಲ್ಲ, ಪಕ್ಕದ ಹೈಡ್ರೋಜನ್ನನ್ನೂ ಎಳಕೊಂಡು ಹೋಗುತ್ತೆ, ಉಳಿದ ತುಂಡುಗಳು ಎರಡೆರಡು ಸೇರಿದ್ರೆ ಟೆಫ್ಲಾನ್ ಮಾಡೋ ಕಚ್ಚಾ ಮಾಲು! ಏಸಿಗೆ ಹಾಕೋ ಇನ್ನೊಂದು ಗ್ಯಾಸು ಆರ್-32ರಲ್ಲಂತೂ ಕ್ಲೋರಿನ್ನೇ ಇಲ್ಲ. ಅಂದ್ರೆ ಒಂದೊಂದು ಗ್ಯಾಸಿಗೂ ಬೇರೆ ಬೇರೆ ಅಳತೆ ಬೇಕು, ಎಲ್ಲಕ್ಕೂ ಒಂದೇ ಉಷ್ಣತೆ ಬರೆದ್ರೆ ನಡೆಯಲ್ಲ.

ಇಂಥ ಕೆಲಸ ದೂರದ ದೇಶದ್ದು ಅಂದ್ಕೋಬೇಡಿ. ನಮ್ಮ ಬೆಂಗಳೂರಿನ ಟಾಟಾ ಇನ್ಸ್ಟಿಟ್ಯೂಟ್‌ನಲ್ಲೇ (ಭಾರತೀಯ ವಿಜ್ಞಾನ ಸಂಸ್ಥೆ) ಇ. ಅರುಣನ್, ಕೆ.ಪಿ.ಜೆ. ರೆಡ್ಡಿ, ಬಿ. ರಾಜಕುಮಾರ್ ಶಾಕ್ ಟ್ಯೂಬಿನಲ್ಲಿ ಡೈಕ್ಲೋರೋಈಥೇನ್ ಒಡೆಯೋ ವೇಗ ಅಳೆದು 2002ರಲ್ಲಿ ಪ್ರಕಟಿಸಿದ್ರು, ಪಿವಿಸಿ ಪೈಪಿನ ಮೂಲವಸ್ತು ತಯಾರಾಗೋದು ಆ ಗ್ಯಾಸು ಒಡೆದೇ. ನಿಮ್ಮ ವಿಜ್ಞಾನ ಪುಟದವರು ಒಂದು ದಿನ ಯಶವಂತಪುರದ ಕಡೆ ಹೋಗಿ ಆ ಕೊಳವೆ ನೋಡಿ ಬರೀಲಿ, ಮತ್ತೆ ಇನ್ಮೇಲೆ ಗ್ಯಾಸ್ ಸುಡೋ ಸುದ್ದಿ ಬಂದಾಗ ಯಾವ ಗ್ಯಾಸು, ಎಷ್ಟು ಡಿಗ್ರಿ, ಎಷ್ಟು ಸೆಕೆಂಡು ಅಂತ ಕೇಳಿ ಹಾಕಿ.

– ಒಬ್ಬ ಓದುಗ, ಬೆಂಗಳೂರು